ಏಕಾಂಗಿ ನಾವಿಕನೂ ಎದೆಗಾರಿಕೆಯ ಭ್ರಮೆಯೂ

ಸಣ್ಣದೊಂದು ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಮಹಾಸಾಗರವನ್ನು ದಾಟಿಬಂದವರ ವಾರ್ತೆ ನಮ್ಮ ಪತ್ರಿಕೆಗಳಲ್ಲಿ ಪ್ರಕಟವಾದಾಗಲೆಲ್ಲ ಅದರ ವರ್ಣನೆಯ ಧಾಟಿ ಒಂದೇ ಬಗೆಯದಾಗಿರುತ್ತದೆ: ಪರ್ವತಾಕಾರದ ತೆರೆಗಳು, ಎದೆ ನಡುಗಿಸುವ ಬಿರುಗಾಳಿ, ಕಣ್ಣಿದ್ದೂ ಕಾಣದ ಕಾರಿರುಳು, ಇವೆಲ್ಲದರ ನಡುವೆ ಸಾವಿಗೆ ಎದೆಯೊಡ್ಡಿ ನಿಂತ ಒಬ್ಬ ವೀರ. ಓದುಗನು ಮೂಗಿನ ಮೇಲೆ ಬೆರಳಿಟ್ಟು, ಎಂಥ ಗಂಡೆದೆಯಪ್ಪ ಇವನದು ಎಂದು ಬೆರಗಾಗಿ, ಮರುಕ್ಷಣವೇ ಪುಟ ಮಗುಚುತ್ತಾನೆ. ಸಮುದ್ರವನ್ನು ದಾಟಿಸುವುದು ಧೈರ್ಯ, ಧೈರ್ಯವೊಂದಿದ್ದರೆ ಮಿಕ್ಕದ್ದೆಲ್ಲ ತಾನಾಗಿ ಒದಗಿಬರುತ್ತದೆ ಎಂಬ ಭಾವನೆ ಹೀಗೆ ಜನಮನದಲ್ಲಿ ಆಳವಾಗಿ ಬೇರೂರಿ, ಇಂದು ಯಾರೂ ಪ್ರಶ್ನಿಸಬೇಕಾಗಿಲ್ಲದ ಸತ್ಯವೆಂಬಂತೆ ಚಲಾವಣೆಯಲ್ಲಿದೆ. ಈ ಭಾವನೆ ತಪ್ಪೆಂಬುದೂ, ತಪ್ಪಾಗಿರುವುದರ ಜೊತೆಗೆ ಪ್ರಾಣಘಾತಕವೂ ಆಗಿದೆಯೆಂಬುದೂ, ಏಕಾಂಗಿ ಸಮುದ್ರಯಾನದ ಜಯಾಪಜಯಗಳು ಬಹುಮಟ್ಟಿಗೆ ದೋಣಿಯನ್ನು ದಡದ ಮೇಲೆಳೆದು ಅಣಿಗೊಳಿಸುವ, ನೋಡುವವರಿಗೆ ನೀರಸವೆಂದು ತೋರುವ ಆ ತಿಂಗಳುಗಳಲ್ಲಿಯೇ ನಿರ್ಣಯವಾಗಿಬಿಡುತ್ತವೆಂಬುದೂ ನನ್ನ ದೃಢವಾದ ಅಭಿಪ್ರಾಯ. ಅದನ್ನು ಸಕಾರಣವಾಗಿ ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

ಖಂಡನೆಗೆ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮುಂದಿಡುವುದು ನಮ್ಮ ಶಾಸ್ತ್ರಕಾರರ ಸಂಪ್ರದಾಯ. ಎದೆಗಾರಿಕೆಯ ಪಕ್ಷದವರು ಹೇಳುವುದಿಷ್ಟು: ಒಳ್ಳೆಯ ದೋಣಿಗಳು ಜಗತ್ತಿನ ಬಂದರುಗಳಲ್ಲಿ ಸಾವಿರಗಟ್ಟಲೆ ಲಂಗರು ಹಾಕಿ ನಿಂತಿವೆ, ಅವುಗಳನ್ನು ಕೊಳ್ಳಬಲ್ಲ ಹಣವಂತರೂ ದುರಸ್ತಿ ಮಾಡಬಲ್ಲ ಕುಶಲಿಗಳೂ ಬೇಕಾದಷ್ಟು ಮಂದಿ ಇದ್ದಾರೆ, ಆದರೂ ಒಂಟಿಯಾಗಿ ಹೊರಡುವವರು ಬೆರಳೆಣಿಕೆಯಷ್ಟು, ಆದುದರಿಂದ ವಿರಳವಾದ ಧೈರ್ಯವೇ ಕಾರ್ಯಸಿದ್ಧಿಗೆ ಮೂಲಕಾರಣ. ಎರಡನೆಯದಾಗಿ, ಎಷ್ಟೇ ಅಣಿಯಾಗಿ ಹೊರಟರೂ ಸಮುದ್ರವು ಅದೆಲ್ಲವನ್ನೂ ಒಂದೇ ತೆರೆಯಲ್ಲಿ ಕೊಚ್ಚಿಹಾಕಬಲ್ಲುದು. ಆಗ ಮನುಷ್ಯನಿಗೆ ಉಳಿಯುವುದು ಅವನ ಎದೆ ಮತ್ತು ಅವನ ಅದೃಷ್ಟ. ಮೂರನೆಯದಾಗಿ, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಹೊರಟರೆ ಅದು ಸಾಹಸವೆನಿಸಿಕೊಳ್ಳಲಾರದು. ಈ ಮೂರು ವಾದಗಳಲ್ಲಿಯೂ ಸತ್ಯದ ಒಂದಂಶವಿದೆ. ಧೈರ್ಯವಿಲ್ಲದವನು ದಡ ಬಿಡುವುದಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊರಡುವುದು ಬೇರೆ, ಸೇರುವುದು ಬೇರೆ. ಹೊರಡಿಸುವ ಗುಣವನ್ನೇ ಸೇರಿಸುವ ಗುಣವೆಂದು ಎಣಿಸಿದ್ದು ಈ ವಾದದ ಮೂಲದೋಷ.

ಈ ದೋಷವನ್ನು ತೋರಿಸಿಕೊಡಲು ಬ್ರಿಟನ್ನಿನ ಸಂಡೇ ಟೈಮ್ಸ್ ಪತ್ರಿಕೆ 1968ರಲ್ಲಿ ಏರ್ಪಡಿಸಿದ ಗೋಲ್ಡನ್ ಗ್ಲೋಬ್ ಪಂದ್ಯಕ್ಕಿಂತ ಉತ್ತಮವಾದ ಪ್ರಮಾಣ ಬೇರೆ ಬೇಕಾಗಿಲ್ಲ. ಯಾವ ಬಂದರನ್ನೂ ಮುಟ್ಟದೆ, ಯಾರ ನೆರವನ್ನೂ ಪಡೆಯದೆ, ಒಬ್ಬಂಟಿಯಾಗಿ ಭೂಮಂಡಲವನ್ನು ಸುತ್ತಿಬರಬೇಕೆಂಬ, ಅಲ್ಲಿಯತನಕ ಯಾರೂ ಮಾಡಿರದಿದ್ದ ಆ ಕಾರ್ಯಕ್ಕೆ 9 ಮಂದಿ ಹೊರಟರು; ಮುಗಿಸಿದವರು ಒಬ್ಬರೇ. ಹೊರಟವರಲ್ಲಿ ಪುಕ್ಕಲರು ಯಾರೂ ಇರಲಿಲ್ಲ. ಹಾಗಿದ್ದಲ್ಲಿ ಎಂಟು ಮಂದಿ ಧೀರರನ್ನು ಸೋಲಿಸಿ ಒಬ್ಬ ಧೀರನನ್ನು ಗೆಲ್ಲಿಸಿದ್ದು ಯಾವುದು ಎಂಬುದೇ ಪ್ರಶ್ನೆ.

ಅವರಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬಾತನ ಕಥೆ ಅತ್ಯಂತ ಶೋಚನೀಯವಾದುದು. ವಿದ್ಯುದುಪಕರಣಗಳ ಸಣ್ಣ ಉದ್ಯಮವೊಂದನ್ನು ನಡೆಸುತ್ತಿದ್ದ, ಬುದ್ಧಿವಂತನೂ ಮಾತುಗಾರನೂ ಆಗಿದ್ದ ಈತ ತನ್ನ ಪಯಣಕ್ಕೆಂದು ಕಟ್ಟಿಸಿದ ಮೂರು ಒಡಲಿನ ದೋಣಿ ನೀರಿಗಿಳಿದದ್ದು 1968ರ ಸೆಪ್ಟೆಂಬರ್ 23ರಂದು. ಪಂದ್ಯದ ನಿಯಮದಂತೆ ಹೊರಡಲು ಕಡೆಯ ದಿನ ಅಕ್ಟೋಬರ್ 31. ಕಟ್ಟಿದ ಸ್ಥಳದಿಂದ ಟೀನ್‌ಮತ್ ಬಂದರಿಗೆ ಮೂರು ದಿನಗಳಲ್ಲಿ ಮುಗಿಯಬೇಕಿದ್ದ ಪ್ರಯಾಣ ಸುಮಾರು ಎರಡು ವಾರಗಳನ್ನು ನುಂಗಿತು. ಮಿಕ್ಕ ಅಲ್ಪಕಾಲದಲ್ಲಿ ಏನನ್ನೂ ಸರಿಪಡಿಸಲಾಗದೆ ಹೋಯಿತು. ತಳದ ನೀರೆತ್ತುವ ಪಂಪಿಗೆ ಬೇಕಾದ ಕೊಳವೆ ದೋಣಿಯನ್ನೇರಲೇ ಇಲ್ಲ. ಬಿಡಿಭಾಗಗಳ ಒಂದು ರಾಶಿ ದಡದಲ್ಲಿಯೇ ಉಳಿಯಿತು. ಪಕ್ಕದ ಒಡಲುಗಳ ಮುಚ್ಚಳಗಳು ನೀರನ್ನು ತಡೆಯುತ್ತಿರಲಿಲ್ಲ. ಕಡೆಯ ದಿನವೇ ಹೊರಟ ಆತ, ದಕ್ಷಿಣ ಸಾಗರಕ್ಕೆ ಇಂಥ ದೋಣಿಯಲ್ಲಿ ಹೋದರೆ ಉಳಿಗಾಲವಿಲ್ಲವೆಂದೂ ಹಿಂತಿರುಗಿದರೆ ಮನೆಮಠ ಉಳಿಯಲಾರದೆಂದೂ ಕಂಡುಕೊಂಡು, ಅಟ್ಲಾಂಟಿಕಿನಲ್ಲಿಯೇ ಸುತ್ತುತ್ತ, ಲೋಕವನ್ನು ಸುತ್ತುತ್ತಿರುವಂತೆ ಸುಳ್ಳು ವರದಿಗಳನ್ನು ಕಳುಹಿಸಿದನು. 1969ರ ಜುಲೈ 10ರಂದು ಅವನ ದೋಣಿ ಜನಶೂನ್ಯವಾಗಿ ತೇಲುತ್ತಿದ್ದುದು ಹಡಗೊಂದರ ಕಣ್ಣಿಗೆ ಬಿತ್ತು. ಅಂಥ ದೋಣಿಯನ್ನೇರಿ ಹೊರಟವನಲ್ಲಿ ಧೈರ್ಯದ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಕೊರತೆಯಿದ್ದದ್ದು ಕೊಳವೆಗೆ, ಬಿಡಿಭಾಗಗಳಿಗೆ, ಬಿಗಿಯಾದ ಮುಚ್ಚಳಗಳಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಇವನ್ನೆಲ್ಲ ಒದಗಿಸಿಕೊಳ್ಳಲು ಬೇಕಾಗಿದ್ದ ಕಾಲಕ್ಕೆ.

ಗೆದ್ದವರು ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ಸುಹೈಲಿ ಎಂಬ 32 ಅಡಿಯ ದೋಣಿ ತಯಾರಾದದ್ದು ನಮ್ಮ ಮುಂಬಯಿಯಲ್ಲಿ, ತೇಗದ ಮರದಲ್ಲಿ, ಬಾಚಿ ಬೈರಿಗೆಗಳನ್ನು ಹಿಡಿದು ಕೆಲಸಮಾಡುವ ಬಡಗಿಗಳ ಕೈಯಿಂದ. ಹಳೆಯ ಮಾದರಿಯ, ಭಾರವಾದ, ನಿಧಾನವಾದ ಆ ದೋಣಿ ಗೆಲ್ಲುವುದೆಂದು ಬಹುಮಂದಿ ನಂಬಿರಲಿಲ್ಲ. ಆದರೆ ಪಂದ್ಯದ ಮಾತು ಹುಟ್ಟುವುದಕ್ಕೆ ಮುಂಚೆಯೇ ನಾಕ್ಸ್-ಜಾನ್‌ಸ್ಟನ್ ಅವರು 1965ರ ಡಿಸೆಂಬರಿನಲ್ಲಿ ಜೊತೆಗಾರರೊಡನೆ ಅದೇ ದೋಣಿಯಲ್ಲಿ ಮುಂಬಯಿಯಿಂದ ಹೊರಟು, ಆಫ್ರಿಕವನ್ನು ಬಳಸಿ, 1967ರಲ್ಲಿ ಇಂಗ್ಲೆಂಡನ್ನು ಸೇರಿದ್ದರು. ಅದರ ಯಾವ ಹಲಗೆ ಯಾವ ಗಾಳಿಗೆ ನರಳುತ್ತದೆಂಬುದು ಅವರಿಗೆ ಕರತಲಾಮಲಕವಾಗಿತ್ತು. ಪಂದ್ಯದ ಆರಂಭದಲ್ಲಿಯೇ ಹಲಗೆಗಳ ಸಂದಿನಿಂದ ನೀರು ಒಳಬರತೊಡಗಿದಾಗ ಅವರು ಸಂದಿಗೆ ಅಂಟಿಸಬೇಕಾದ ಹತ್ತಿಯ ಹೊಸೆಯನ್ನು ಕ್ಯಾನ್ವಾಸಿನ ಪಟ್ಟಿಗೆ ಹೊಲಿದು, ಅದಕ್ಕೆ ಡಾಂಬರು ಬಳಿದು, ನಡುಸಾಗರದಲ್ಲಿ ನೀರಿಗೆ ಧುಮುಕಿ, ಉಸಿರು ಕಟ್ಟಿ ದೋಣಿಯಡಿಗೆ ಹೋಗಿ, ತಾಮ್ರದ ಸಣ್ಣ ಮೊಳೆಗಳಿಂದ ಜಡಿದು, ಮೇಲೆ ತಾಮ್ರದ ತಗಡನ್ನು ಹೊದಿಸಿದರು. ನಡುವೆ ಹತ್ತಿರ ಸುಳಿದ ಶಾರ್ಕ್ ಮೀನನ್ನು ಬಂದೂಕಿನಿಂದ ಹೊಡೆಯಬೇಕಾಯಿತು. ಈ ಪ್ರಸಂಗವನ್ನು ಹೇಳುವವರೆಲ್ಲ ಶಾರ್ಕಿನ ಭಾಗವನ್ನು ರಂಗುರಂಗಾಗಿ ಹೇಳುತ್ತಾರೆ. ಹತ್ತಿ, ಡಾಂಬರು, ಮೊಳೆ, ತಗಡು, ಇವು ದೋಣಿಯಲ್ಲಿ ಇಲ್ಲದಿದ್ದರೆ, ಇದ್ದರೂ ಅವುಗಳನ್ನು ಬಳಸುವ ಕೈ ಪಳಗಿಲ್ಲದಿದ್ದರೆ, ಶಾರ್ಕಿಗೆ ಹೆದರದ ಎದೆ ಎಷ್ಟು ಸಂದುಗಳನ್ನು ಮುಚ್ಚುತ್ತಿತ್ತು? ಮುಂದೆ ಕುಡಿಯುವ ನೀರು ಕೆಟ್ಟಿತು, ರೇಡಿಯೋ ಮೂಕವಾಯಿತು, ತಾನಾಗಿ ಚುಕ್ಕಾಣಿ ಹಿಡಿಯುವ ಯಂತ್ರ ಮುರಿಯಿತು. ಮಳೆನೀರನ್ನು ಹಿಡಿಯುವ ಏರ್ಪಾಡು, ಹಾಯಿಗಳನ್ನು ತೂಗಿಸಿಯೇ ದೋಣಿಯನ್ನು ನೇರವಾಗಿ ನಡೆಸುವ ವಿದ್ಯೆ, ಇವೆರಡೂ ಅವರ ಬಳಿ ಮೊದಲೇ ಇದ್ದವು. 1968ರ ಜೂನ್ 14ರಂದು ಫಾಲ್ಮತ್ತನ್ನು ಬಿಟ್ಟವರು 1969ರ ಏಪ್ರಿಲ್ 22ರಂದು, 312 ದಿನಗಳ ನಂತರ, ಅಲ್ಲಿಗೇ ಬಂದು ತಲುಪಿದರು.

ಇಬ್ಬರು ಬೇರೆಬೇರೆ ಮನುಷ್ಯರನ್ನು ಹೋಲಿಸಿದರೆ ಸ್ವಭಾವಭೇದದ ಆಕ್ಷೇಪ ಬರಬಹುದು. ಒಬ್ಬನೇ ಮನುಷ್ಯನನ್ನು ತೆಗೆದುಕೊಳ್ಳೋಣ. ಅದೇ ಪಂದ್ಯದಲ್ಲಿದ್ದ ಚೇ ಬ್ಲೈತ್ ಅವರು 1966ರಲ್ಲಿ ಜಾನ್ ರಿಜ್‌ವೇ ಅವರೊಡನೆ ತೆರೆದ ದೋಣಿಯೊಂದರಲ್ಲಿ ಹುಟ್ಟು ಹಾಕುತ್ತಲೇ ಅಟ್ಲಾಂಟಿಕ್ ಸಾಗರವನ್ನು ದಾಟಿದವರು. ಧೈರ್ಯಕ್ಕೆ ಇದಕ್ಕಿಂತ ದೊಡ್ಡ ಯೋಗ್ಯತಾಪತ್ರ ಯಾರ ಬಳಿಯೂ ಇರಲಾರದು. ಆದರೆ ಅವರಿಗೆ ಹಾಯಿ ನಡೆಸುವ ಅನುಭವವಿರಲಿಲ್ಲ. ಹೊರಡುವ ದಿನ ಗೆಳೆಯರು ಅವರ ದೋಣಿಗೆ ಹಾಯಿ ಕಟ್ಟಿಕೊಟ್ಟು, ಮುಂದೆ ಇನ್ನೊಂದು ದೋಣಿಯಲ್ಲಿ ಸಾಗುತ್ತ, ಹೇಗೆ ತಿರುಗಿಸಬೇಕೆಂಬುದನ್ನು ಮಾಡಿ ತೋರಿಸಬೇಕಾಯಿತು. ದೋಣಿಯೂ ಕರಾವಳಿಯ ವಿಹಾರಕ್ಕೆ ತಕ್ಕ 30 ಅಡಿಯದು. ದಕ್ಷಿಣ ಆಫ್ರಿಕದವರೆಗೆ ಹೋಗಿ ಅವರು ಪಂದ್ಯವನ್ನು ಕೈಬಿಡಬೇಕಾಯಿತು. ಆಮೇಲೆ ಅದೇ ಮನುಷ್ಯ, ಈ ಕಾರ್ಯಕ್ಕೆಂದೇ ಉಕ್ಕಿನಲ್ಲಿ ಕಟ್ಟಿಸಿದ 59 ಅಡಿಯ ದೊಡ್ಡ ದೋಣಿಯಲ್ಲಿ 1970ರ ಅಕ್ಟೋಬರಿನಲ್ಲಿ ಹೊರಟು, ಎಲ್ಲರೂ ಗಾಳಿಯ ಜೊತೆಯಲ್ಲಿ ಹೋಗುವ ದಾರಿಯನ್ನು ಬಿಟ್ಟು ಗಾಳಿಗೆ ಎದುರಾಗಿ, ಪಶ್ಚಿಮಾಭಿಮುಖವಾಗಿ, 292 ದಿನಗಳಲ್ಲಿ ಭೂಮಿಯನ್ನು ಸುತ್ತಿಬಂದರು. ಎರಡು ಯಾನಗಳ ನಡುವೆ ಅವರ ಎದೆ ಬದಲಾಗಿರಲಿಲ್ಲ. ಬದಲಾಗಿದ್ದದ್ದು ದೋಣಿ, ಅನುಭವ, ಸಿದ್ಧತೆ. ಕಾರ್ಯಕಾರಣಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪ್ರಯೋಗಶಾಲೆಯೂ ತೋರಿಸಿಕೊಡಲಾರದು.

ಸಿದ್ಧತೆಯೆಂದರೆ ಸಾಮಾನು ತುಂಬಿಕೊಳ್ಳುವುದೆಂದು ನಮ್ಮ ಜನ ಭಾವಿಸಿರುವುದರಿಂದಲೇ ಅದರ ವಿಷಯದಲ್ಲಿ ಅವರಿಗೆ ಗೌರವ ಹುಟ್ಟಿಲ್ಲ. ಅದರ ನಿಜಸ್ವರೂಪವನ್ನು ತುಸು ಹತ್ತಿರದಿಂದ ನೋಡಬೇಕು. ಮೂವತ್ತಡಿಯ ಹಾಯಿದೋಣಿಯ ಒಡಲಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಬೇಕೆಂದೇ ಕೊರೆದ ಹಲವು ತೂತುಗಳಿರುತ್ತವೆ: ಎಂಜಿನ್ನನ್ನು ತಂಪುಮಾಡುವ ನೀರಿಗೆ ಒಂದು, ಶೌಚಕ್ಕೆ ಎರಡು, ಪಾತ್ರೆ ತೊಳೆಯುವಲ್ಲಿಂದ ನೀರು ಹೊರಹೋಗಲು ಇನ್ನೊಂದು. ಒಂದೊಂದಕ್ಕೂ ಒಂದು ವಾಲ್ವು, ವಾಲ್ವಿಗೊಂದು ರಬ್ಬರಿನ ಕೊಳವೆ, ಕೊಳವೆಯನ್ನು ಬಿಗಿಯಲು ಉಕ್ಕಿನ ಪಟ್ಟಿ. ಎರಡಡಿ ಆಳದಲ್ಲಿರುವ, ಎರಡಂಗುಲ ವ್ಯಾಸದ ಅಂಥ ಒಂದು ತೂತಿನ ಕೊಳವೆ ಕಳಚಿತೆಂದರೆ ನಿಮಿಷಕ್ಕೆ 200 ಲೀಟರಿಗೂ ಮಿಕ್ಕಿ ನೀರು ಒಳನುಗ್ಗುತ್ತದೆ. ಒಬ್ಬನು ಕೈಯಿಂದ ಆಡಿಸುವ ಪಂಪು ಅದಕ್ಕೆ ಸಾಟಿಯಾಗದು. ಆದುದರಿಂದ ಬಲ್ಲ ನಾವಿಕನು ಪ್ರತಿಯೊಂದು ವಾಲ್ವಿನ ಪಕ್ಕದಲ್ಲಿಯೂ, ಆ ತೂತಿನ ಅಳತೆಗೆ ಸರಿಯಾಗಿ ಕೆತ್ತಿದ ಮೆದುಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿ ಇಳಿಬಿಟ್ಟಿರುತ್ತಾನೆ. ಆ ಬಿರಡೆ ಸಲಕರಣೆಯ ಪೆಟ್ಟಿಗೆಯ ತಳದಲ್ಲಿದ್ದರೆ ಪ್ರಯೋಜನವಿಲ್ಲ. ದೀಪ ಆರಿದ ಕತ್ತಲಲ್ಲಿ, ಮೊಳಕಾಲುದ್ದ ನೀರಿನಲ್ಲಿ ನಿಂತು, ಕೈಚಾಚಿದಲ್ಲಿ ಸಿಕ್ಕಬೇಕು. ಇಡೀ ಸಿದ್ಧತೆಯ ತತ್ತ್ವವೇ ಆ ದಾರದ ತುಂಡಿನಲ್ಲಿದೆ: ಮುಂದೆ ಬರಬಹುದಾದ ಗಳಿಗೆಯನ್ನು ಇಂದೇ ಮನಸ್ಸಿನಲ್ಲಿ ಬದುಕಿ ನೋಡಿ, ಅಂದು ತನಗೆ ಬೇಕಾಗುವುದನ್ನು ಇಂದೇ ಅದರ ಜಾಗದಲ್ಲಿ ಇರಿಸುವುದು.

ಆಹಾರದ ಡಬ್ಬಿಗಳ ವಿಷಯವೂ ಹೀಗೆಯೇ. ದೀರ್ಘಯಾನಕ್ಕೆ ಹೊರಡುವವರು ಡಬ್ಬಿಗಳ ಮೇಲಿನ ಕಾಗದದ ಚೀಟಿಗಳನ್ನು ಒಂದೊಂದಾಗಿ ಕಿತ್ತು, ಒಳಗೇನಿದೆಯೆಂಬುದನ್ನು ಬಣ್ಣದಿಂದ ಬರೆದು, ತುಕ್ಕು ಹಿಡಿಯದಂತೆ ವಾರ್ನಿಷ್ ಬಳಿಯುವ ಪದ್ಧತಿ ಬಹುಕಾಲದಿಂದ ಬಂದಿದೆ. ದೋಣಿಯ ತಳಕ್ಕೆ ನೀರು ನುಗ್ಗಿದಾಗ ಕಾಗದ ಕಳಚಿ, ಕರಗಿ, ಮುದ್ದೆಯಾಗಿ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ನೀರೆತ್ತುವುದು ನಿಲ್ಲುತ್ತದೆ. ಬಟಾಣಿಯ ಡಬ್ಬಿಯ ಚೀಟಿ ದೋಣಿಯನ್ನು ಮುಳುಗಿಸಬಲ್ಲುದು ಎಂಬುದನ್ನು ಊಹಿಸಬಲ್ಲ ಬುದ್ಧಿಗೆ ನಮ್ಮ ವೀರಗಾಥೆಗಳಲ್ಲಿ ಸ್ಥಾನವಿಲ್ಲ. ಹಾಯಿಕಂಬವನ್ನು ನೆಟ್ಟಗೆ ನಿಲ್ಲಿಸುವ ಉಕ್ಕಿನ ತಂತಿಗಳನ್ನು ಕೆಳಗೆ ಹಿಡಿದಿರುವುದು ಕಿರುಬೆರಳ ಗಾತ್ರದ ಒಂದೊಂದು ಮೊಳೆ. ಆ ಮೊಳೆ ಜಾರದಂತೆ ಕಾಯುವುದು ಕಡ್ಡಿಯಷ್ಟು ತೆಳುವಾದ ಸ್ಪ್ಲಿಟ್ ಪಿನ್ನು. ಪಿನ್ನು ಸವೆದರೆ ಮೊಳೆ, ಮೊಳೆ ಕಳಚಿದರೆ ತಂತಿ, ತಂತಿ ಹೋದರೆ ಕಂಬ, ಕಂಬ ಬಿದ್ದರೆ ಯಾನವೇ ಮುಗಿಯಿತು. ಇನ್ನು ನೀರಿನ ಲೆಕ್ಕ: ಕೆನರಿ ದ್ವೀಪಗಳಿಂದ ಕೆರಿಬಿಯನ್ನಿಗೆ ಸುಮಾರು 2,700 ನಾಟಿಕಲ್ ಮೈಲಿ, ದಿನಕ್ಕೆ 100 ಮೈಲಿ ಸಾಗುವ ಸಣ್ಣ ದೋಣಿಗೆ 27 ದಿನ, ದಿನಕ್ಕೆ 3 ಲೀಟರಿನಂತೆ 81 ಲೀಟರು, ಗಾಳಿ ಬಿದ್ದುಹೋಗುವ ದಿನಗಳನ್ನು ನೆನೆದು ಅದರ ಅರ್ಧದಷ್ಟು ಮೇಲೆ. ಈ 120 ಲೀಟರನ್ನು ಒಂದೇ ತೊಟ್ಟಿಯಲ್ಲಿ ಹೊತ್ತವನು ಲೆಕ್ಕ ಬಲ್ಲವನಾದರೂ ಸಮುದ್ರವನ್ನು ಬಲ್ಲವನಲ್ಲ; ಒಂದು ತೊಟ್ಟಿ ಕೆಟ್ಟರೆ ಉಳಿದವು ಬದುಕಿಸಲೆಂದು ಮೂರು ನಾಲ್ಕು ಕಡೆ ಹಂಚಿಡಬೇಕು. ಕೊನೆಗೆ, ದೋಣಿಯನ್ನು ಮನಸ್ಸಿನಲ್ಲಿಯೇ ಬುಡಮೇಲು ಮಾಡಿ ನೋಡಬೇಕು: ಬ್ಯಾಟರಿ ಎಲ್ಲಿ ಬೀಳುತ್ತದೆ, ಒಲೆ ಎಲ್ಲಿ ಹಾರುತ್ತದೆ, ನೆಲದ ಹಲಗೆಗಳಡಿಯ ಡಬ್ಬಿಗಳು ಯಾರ ತಲೆಯ ಮೇಲೆ ಬರುತ್ತವೆ? ಹಾಗೆ ನೋಡಿದವನು ಎಲ್ಲವನ್ನೂ ಕಟ್ಟಿ, ಬಿಗಿದು, ಅಗುಳಿ ಹಾಕದೆ ಹೊರಡಲಾರ.

ಒಬ್ಬಂಟಿಗನಿಗೆ ಇವೆಲ್ಲಕ್ಕಿಂತ ಮಿಗಿಲಾದ ಸಮಸ್ಯೆ ನಿದ್ರೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಚುಕ್ಕಾಣಿ ಹಿಡಿಯಲು ಯಾವ ಧೀರನಿಂದಲೂ ಸಾಧ್ಯವಿಲ್ಲ. ಇಲ್ಲಿ ಎದೆಗಾರಿಕೆ ಎರಡನೆಯ ರಾತ್ರಿಗೇ ಸೋತು ಮಲಗುತ್ತದೆ. ಇದನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಹಾಸ್ಲರ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಪುಟ್ಟ ದೋಣಿಗಳಲ್ಲಿ ಶತ್ರುವಿನ ಬೋರ್ಡೋ ಬಂದರಿನೊಳಕ್ಕೆ ನುಸುಳಿ ಹಡಗುಗಳಿಗೆ ಸಿಡಿಗುಂಡು ಕಟ್ಟಿಬರಲು ಹೋದ ಹತ್ತು ಮಂದಿಯ ತಂಡಕ್ಕೆ ಈತ ನಾಯಕ; ಬದುಕಿ ಹಿಂತಿರುಗಿದ ಇಬ್ಬರಲ್ಲಿ ಒಬ್ಬ. ಧೈರ್ಯದ ವಿಷಯದಲ್ಲಿ ಈತನಿಗೆ ಪಾಠ ಹೇಳಬಲ್ಲವರು ಯಾರು? ಅಂಥವನು ಸಮುದ್ರವನ್ನು ಒಂಟಿಯಾಗಿ ದಾಟಲು ಹೊರಟಾಗ ಮಾಡಿದ್ದೇನು? ಗಾಳಿಯ ದಿಕ್ಕನ್ನೇ ಹಿಡಿದು ಚುಕ್ಕಾಣಿಯನ್ನು ತಾನೇ ತಿರುಗಿಸಿಕೊಳ್ಳುವ ಸಾಧನವೊಂದನ್ನು ಜೋಡಿಸಿದ. ಚೀನೀ ನಾವೆಗಳ ಬಗೆಯ ಒಂದೇ ಹಾಯಿಯನ್ನು ಕಟ್ಟಿ, ಅದನ್ನು ಏರಿಸುವ ಇಳಿಸುವ ಹಗ್ಗಗಳೆಲ್ಲ ದೋಣಿಯ ನಡುವಿನ ದುಂಡು ಕಿಂಡಿಯ ಬಳಿಗೆ ಬರುವಂತೆ ಮಾಡಿದ. ಬಿರುಗಾಳಿಯಲ್ಲಿ ಒದ್ದೆ ಹಲಗೆಯ ಮೇಲೆ ತೆವಳಿಕೊಂಡು ಹೋಗುವ ವೀರಕಾರ್ಯವೇ ಬೇಡವಾಗುವಂತೆ ಏರ್ಪಡಿಸಿಕೊಂಡು, 1960ರ ಮೊದಲ ಏಕಾಂಗಿ ಅಟ್ಲಾಂಟಿಕ್ ಪಂದ್ಯದಲ್ಲಿ 48 ದಿನಗಳಲ್ಲಿ ನ್ಯೂಯಾರ್ಕನ್ನು ಸೇರಿ, ಫ್ರಾನ್ಸಿಸ್ ಚಿಚೆಸ್ಟರನ ಬಳಿಕ ಎರಡನೆಯವನಾದ. ನಿಜವಾದ ಧೀರನು ತನ್ನ ಧೈರ್ಯವನ್ನು ಖರ್ಚುಮಾಡಬೇಕಾದ ಸಂದರ್ಭಗಳನ್ನು ಆದಷ್ಟು ಕಡಿಮೆ ಮಾಡಿಕೊಳ್ಳುತ್ತಾನೆ.

ಇನ್ನು ಅದೃಷ್ಟದ ವಾದ. ನಮ್ಮ ಅಭಿಲಾಷ್ ಟೋಮಿ ಅವರು ಅನುಭವಿ ನಾವಿಕರಾಗಿದ್ದೂ ಗೋಲ್ಡನ್ ಗ್ಲೋಬ್ ಪಂದ್ಯ ಮತ್ತೆ ನಡೆದ 2018ರಲ್ಲಿ, ಅದರ ಸ್ಪರ್ಧಿಯಾಗಿ, ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣಭಾಗದಲ್ಲಿ ಚಂಡಮಾರುತಕ್ಕೆ ಸಿಕ್ಕಿ, ತುರೀಯ ಎಂಬ ಅವರ ದೋಣಿ ಉರುಳಿ, ಹಾಯಿಕಂಬ ಮುರಿದು, ಬೆನ್ನುಮೂಳೆಗೆ ತೀವ್ರವಾದ ಪೆಟ್ಟಾಗಿ ಏಳಲಾರದೆ ಮಲಗಿದ್ದರಷ್ಟೆ. ಸಿದ್ಧತೆ ಅವರನ್ನು ಕಾಪಾಡಿತೆ ಎಂದು ಕೇಳುವವರಿದ್ದಾರೆ. ಕಾಪಾಡಿತು ಎಂಬುದೇ ನನ್ನ ಉತ್ತರ. ದೋಣಿ ಉರುಳಿಯೂ ಮುಳುಗಲಿಲ್ಲ. ಸಂದೇಶ ಕಳುಹಿಸುವ ಉಪಕರಣ ಮಲಗಿದ್ದವರ ಕೈಗೆ ಸಿಕ್ಕುವಂತಿತ್ತು, ಕೆಲಸವನ್ನೂ ಮಾಡಿತು. ಮೂರು ದಿನಗಳ ಬಳಿಕ ಫ್ರೆಂಚ್ ನೌಕೆಯೊಂದು ಬಂದು ಎತ್ತಿಕೊಳ್ಳುವವರೆಗೆ ಅವರು ಜೀವಸಹಿತ ಉಳಿದರು. ಸಮುದ್ರದ ಮೇಲೆ ಜಯ ಸಾಧಿಸಿಕೊಡುತ್ತೇನೆಂದು ಸಿದ್ಧತೆ ಎಂದೂ ಮಾತು ಕೊಟ್ಟಿಲ್ಲ. ಸೋಲು ಸಾವಾಗದಂತೆ ನೋಡಿಕೊಳ್ಳುವುದೂ ಅದರ ಕೆಲಸವೇ. ಅವರೇ ಮತ್ತೊಂದು ದೋಣಿಯನ್ನು ಅಣಿಮಾಡಿಕೊಂಡು 2022ರ ಅದೇ ಪಂದ್ಯಕ್ಕೆ ಹೊರಟು, ದಾರಿಯಲ್ಲಿ ಚುಕ್ಕಾಣಿಯ ಸಾಧನ ಮತ್ತೆ ಮತ್ತೆ ಮುರಿದಾಗ ದೋಣಿಯೊಳಗಿನ ಹಲಗೆಗಳನ್ನೇ ಕೊಯ್ದು ಸರಿಪಡಿಸಿಕೊಳ್ಳುತ್ತ, 236 ದಿನಗಳಲ್ಲಿ ಎರಡನೆಯವರಾಗಿ ಗುರಿಮುಟ್ಟಿದರು. ಆ ಪಂದ್ಯವನ್ನು ಗೆದ್ದ ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಅವರು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ದೋಣಿಯನ್ನು ದಡಕ್ಕೆಳೆದು ತಿಂಗಳುಗಟ್ಟಲೆ ತಾವೇ ದುಡಿದು ಪುನರ್ನಿರ್ಮಿಸಿ, ಅದನ್ನು ಸಾಗರಗಳಲ್ಲಿ ಪರೀಕ್ಷಿಸಿ, ಆಮೇಲೆ ಪಂದ್ಯದ ಗೆರೆಗೆ ಬಂದವರು. 2018ರ ಪಂದ್ಯದಲ್ಲಿ ಐದು ದೋಣಿಗಳು ಹಾಯಿಕಂಬವನ್ನು ಕಳೆದುಕೊಂಡವು. ಗೆದ್ದವರು 73 ವರ್ಷದ ವೃದ್ಧ, ಜ್ಯಾಂ-ಲೂಕ್ ವಾನ್ ಡೆನ್ ಹೀಡ್. ಅವರು ಹೊರಡುವ ಮುನ್ನವೇ ಹಾಯಿಕಂಬವನ್ನು ಗಿಡ್ಡಗೊಳಿಸಿಕೊಂಡಿದ್ದರು. ನಡುದಾರಿಯಲ್ಲಿ ಅದರ ಕಟ್ಟು ಸಡಿಲಿದಾಗ ಹತ್ತಿಹೋಗಿ ಬಿಗಿದುಕೊಂಡರು. ಅದೃಷ್ಟವು ಹೀಗೆ ಪದೇಪದೇ ಅಣಿಯಾದವರ ಮನೆಯ ಬಾಗಿಲನ್ನೇ ತಟ್ಟುತ್ತದೆಯಾದರೆ ಅದಕ್ಕೆ ಅದೃಷ್ಟವೆಂಬ ಹೆಸರು ಒಪ್ಪುವುದಿಲ್ಲ.

ಎದೆಗಾರಿಕೆಯ ವಾದಕ್ಕೆ ತದ್ವಿರುದ್ಧವೆಂಬಂತೆ ಕಾಣುವ ಇನ್ನೊಂದು ವಾದವೂ ಈಚೆಗೆ ಕೇಳಿಬರುತ್ತಿದೆ: ಉಪಗ್ರಹಗಳೂ ಯಂತ್ರಗಳೂ ಎಲ್ಲವನ್ನೂ ಮಾಡುತ್ತಿರುವಾಗ ಸಿದ್ಧತೆಯೆಂದರೆ ಅವನ್ನು ಕೊಳ್ಳುವ ಹಣವಷ್ಟೇ ಎಂಬುದು. ಇದೂ ಅದೇ ಅಜ್ಞಾನದ ಇನ್ನೊಂದು ಮುಖ. ಒಬ್ಬರು ಮನುಷ್ಯನ ಎದೆಯನ್ನು ನಂಬಿದರೆ ಮತ್ತೊಬ್ಬರು ಅಂಗಡಿಯ ಪೆಟ್ಟಿಗೆಯನ್ನು ನಂಬುತ್ತಾರೆ. ಇಬ್ಬರೂ ಕೈಕೆಲಸದಿಂದ ತಪ್ಪಿಸಿಕೊಳ್ಳುತ್ತಾರೆ. ಉಪ್ಪುನೀರಿಗೆ ಸಿಕ್ಕ ಯಂತ್ರ ಇಂದಲ್ಲ ನಾಳೆ ಕೆಡುತ್ತದೆ. ಕೆಟ್ಟುದನ್ನು ನಡುಗಡಲಿನಲ್ಲಿ ತನ್ನ ಕೈಯಿಂದ ಸರಿಪಡಿಸಲಾರದವನಿಗೆ ಅದು ಭಾರವೇ ಹೊರತು ಬಲವಲ್ಲ.

ಲೆಕ್ಕಾಚಾರ ಸಾಹಸವನ್ನು ಕೊಲ್ಲುತ್ತದೆಂಬ ಮಾತಿಗೆ ಉತ್ತರ, ಈ ದಾರಿಯನ್ನು ಮೊದಲು ತುಳಿದ ಜೋಶುವಾ ಸ್ಲೋಕಮನ ಬಾಳಿನಲ್ಲಿದೆ. ಹೊಲವೊಂದರಲ್ಲಿ ಶಿಥಿಲವಾಗಿ ಬಿದ್ದಿದ್ದ ಸ್ಪ್ರೇ ಎಂಬ ಹಳೆಯ ದೋಣಿಯನ್ನು ಪಡೆದುಕೊಂಡ ಈ ಮಾಜಿ ಹಡಗಿನ ಕಪ್ತಾನ, ಓಕ್ ಮರಗಳನ್ನು ಕಡಿದು, ಹಲಗೆಗಳನ್ನು ಬಗ್ಗಿಸಿ, 13 ತಿಂಗಳು ದುಡಿದು, 553 ಡಾಲರ್ 62 ಸೆಂಟುಗಳ ಖರ್ಚಿನಲ್ಲಿ ಅದನ್ನು ಹೊಸದಾಗಿ ಕಟ್ಟಿದನು. ಸೆಂಟಿನವರೆಗೆ ಲೆಕ್ಕವಿಟ್ಟ ಈ ಮನುಷ್ಯನೇ 1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಹೊರಟು, 46,000 ಮೈಲಿಗಳನ್ನು ಕ್ರಮಿಸಿ, 1898ರ ಜೂನ್ 27ರಂದು ನ್ಯೂಪೋರ್ಟನ್ನು ಸೇರಿ, ಭೂಮಿಯನ್ನು ಒಬ್ಬಂಟಿಯಾಗಿ ಸುತ್ತಿದ ಮೊದಲಿಗನಾದದ್ದು. ಅವನು ಕಟ್ಟಿದ ದೋಣಿ ಎಷ್ಟು ತೂಕಬದ್ಧವಾಗಿತ್ತೆಂದರೆ, ಥರ್ಸ್‌ಡೇ ದ್ವೀಪದಿಂದ ಕೋಕೋಸ್ ದ್ವೀಪಗಳವರೆಗಿನ 2,700 ಮೈಲಿಗಳನ್ನು ಅವನು ಹೆಚ್ಚುಕಡಿಮೆ ಚುಕ್ಕಾಣಿ ಮುಟ್ಟದೆ ಸಾಗಿದನು. ಅವನ ಯಾನದಲ್ಲಿ ಸಾಹಸದ ಅಂಶ ಕಡಿಮೆಯಾಯಿತೆಂದು ಇಂದಿನವರೆಗೆ ಯಾರೂ ದೂರಿಲ್ಲ. ನಮ್ಮವರು ಸಮುದ್ರಲಂಘನವೆಂದೊಡನೆ ಆಂಜನೇಯನನ್ನು ನೆನೆಯುತ್ತಾರೆ. ಆದರೆ ರಾಮಾಯಣದಲ್ಲಿ ಹಾರಿದವನು ದೇವಾಂಶಸಂಭೂತನೊಬ್ಬನೇ. ಸೈನ್ಯಕ್ಕೆ ಸೈನ್ಯವೇ ದಾಟಿದ್ದು ನಳನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿಸಿದ ಸೇತುವೆಯ ಮೇಲೆ. ಮನುಷ್ಯರಾದ ನಮಗೆ ಅನುಕರಣೀಯನಾದವನು ನಳ.

ಭಾರತದ ಅನುಭವವೂ ಇದನ್ನೇ ಹೇಳುತ್ತದೆ. ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿಯವರ ಪ್ರೇರಣೆಯಿಂದ ಭಾರತೀಯನೊಬ್ಬನು ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಬೇಕೆಂಬ ಸಂಕಲ್ಪ ಮೂಡಿದಾಗ, ದಿಲೀಪ್ ದೊಂಡೆಯವರು ಮುಂದೆ ಬಂದದ್ದು 2006ರಲ್ಲಿ. ಗೋವೆಯ ದಿವಾರ್ ದ್ವೀಪದ ಕಾರ್ಖಾನೆಯಲ್ಲಿ ರತ್ನಾಕರ ದಾಂಡೇಕರರು ದೋಣಿಯನ್ನು ಕಟ್ಟುತ್ತಿದ್ದ ಕಾಲದುದ್ದಕ್ಕೂ ದೊಂಡೆಯವರೂ ಆ ಕೆಲಸದಲ್ಲಿ ತೊಡಗಿದ್ದರು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ ಗೋವೆಗೆ ಹರಿಯುವ ಮಹದಾಯಿ ನದಿಯ ಹೆಸರನ್ನೇ ಹೊತ್ತ ಆ ದೋಣಿ 2009ರಲ್ಲಿ ಯಾನಕ್ಕೆ ಅಣಿಯಾಯಿತು. ಆ ವರ್ಷದ ಆಗಸ್ಟ್ 19ರಂದು ಮುಂಬಯಿಯಿಂದ ಹೊರಟ ದೊಂಡೆಯವರು 2010ರ ಮೇ 19ರಂದು ಹಿಂತಿರುಗಿದರು. ಯಾನಕ್ಕೆ ಒಂಬತ್ತು ತಿಂಗಳು, ಸಿದ್ಧತೆಗೆ ಮೂರು ವರ್ಷ. ಪತ್ರಿಕೆಗಳು ಆ ಒಂಬತ್ತು ತಿಂಗಳನ್ನು ಕೊಂಡಾಡಿದವು. ಮೂರು ವರ್ಷಗಳ ವಿಷಯವನ್ನು ಎಷ್ಟು ಮಂದಿ ಕೇಳಿದರು? ನಮ್ಮ ಮಲ್ಪೆ ಮಂಗಳೂರುಗಳ ಮೀನುಗಾರರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ನಿಷೇಧಕಾಲದಲ್ಲಿ ಬೋಟುಗಳನ್ನು ನಿಲ್ಲಿಸಿ, ಬಲೆ ಹೆಣೆದು, ಎಂಜಿನ್ ಬಿಚ್ಚಿ, ಒಡಲಿಗೆ ಬಣ್ಣ ಬಳಿಯುವ ಆ ಎರಡು ತಿಂಗಳುಗಳನ್ನು ಅವರು ತಮ್ಮ ವೃತ್ತಿಯ ಭಾಗವೆಂದೇ ಎಣಿಸುತ್ತಾರೆ. ಕಡಲಿನ ಧೈರ್ಯವನ್ನು ಹಾಡಿ ಹೊಗಳುವವರೆಲ್ಲ ಕಡಲಿನಿಂದ ದೂರವಿರುವವರು.

ಈ ಹೊಗಳಿಕೆ ಬರಿಯ ಮಾತಿನ ತಪ್ಪಾಗಿದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಧೈರ್ಯವನ್ನೇ ಪೂಜಿಸುವ ಜನ ಹೊರಡುವ ದಿನವನ್ನು ಮೊದಲು ನಿಗದಿಮಾಡುತ್ತಾರೆ. ಹಣ ಕೊಟ್ಟವರು ಆ ದಿನವನ್ನು ಸಾರುತ್ತಾರೆ. ಬಂದರಿನಲ್ಲಿ ಬ್ಯಾಂಡು ಬಾರಿಸುತ್ತದೆ. ಆಮೇಲೆ, ದೋಣಿ ಇನ್ನೂ ಅಣಿಯಾಗಿಲ್ಲ ಎಂದು ಹೇಳಲು ಸಮುದ್ರವನ್ನು ದಾಟುವುದಕ್ಕಿಂತ ಹೆಚ್ಚಿನ ಎದೆ ಬೇಕಾಗುತ್ತದೆ. ಕ್ರೌಹರ್ಸ್ಟನನ್ನು ಕೊಂದದ್ದು ಈ ಒತ್ತಾಯ. ಅವನ ಸುಳ್ಳು ವರದಿಯನ್ನು ನಂಬಿ, ಹಿಂದೆ ಬೀಳಬಾರದೆಂದು ಜೀರ್ಣವಾಗಿದ್ದ ತನ್ನ ದೋಣಿಯನ್ನು ಅವಸರದಿಂದ ನಡೆಸಿದ ಸಹಸ್ಪರ್ಧಿ ನೈಜೆಲ್ ಟೆಟ್ಲಿಯ ದೋಣಿ, ಗುರಿ ಹತ್ತಿರವಾಗಿದ್ದಾಗ, 1969ರ ಮೇ ತಿಂಗಳಲ್ಲಿ ಮುಳುಗಿಹೋಯಿತು. ಇದಕ್ಕೆ ಪ್ರತಿಯಾಗಿ ಆಸ್ಟ್ರೇಲಿಯದ ಜೆಸ್ಸಿಕಾ ವಾಟ್ಸನ್ ಅವರ ನಿದರ್ಶನವಿದೆ. ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಲು ಅಣಿಯಾಗುತ್ತಿದ್ದ, ಹದಿನಾರರ ಹುಡುಗಿಯಾಗಿದ್ದ ಅವರ ದೋಣಿ 2009ರ ಸೆಪ್ಟೆಂಬರಿನಲ್ಲಿ ಹಡಗೊಂದಕ್ಕೆ ಡಿಕ್ಕಿಯಾಗಿ ಹಾಯಿಕಂಬ ಮುರಿದಾಗ, ಮಗುವನ್ನು ಸಮುದ್ರಕ್ಕೆ ಕಳುಹಿಸುವುದೇ ಎಂದು ಊರೆಲ್ಲ ಕೂಗಿತು. ಆದರೆ ಅದು ಯಾನಕ್ಕೆ ಮುಂಚಿನ ಪ್ರಯಾಣದಲ್ಲಿ, ದಡ ಹತ್ತಿರವಿದ್ದಾಗ ಆದ ಅಪಘಾತ. ದೋಷಗಳು ಹೊರಬೀಳಬೇಕಾದದ್ದು ಅಲ್ಲಿಯೇ. ಹೊಸ ಕಂಬವನ್ನು ನಿಲ್ಲಿಸಿಕೊಂಡು ಅಕ್ಟೋಬರಿನಲ್ಲಿ ಸಿಡ್ನಿಯಿಂದ ಹೊರಟ ಆಕೆ 2010ರ ಮೇ 15ರಂದು ಕ್ಷೇಮವಾಗಿ ಹಿಂತಿರುಗಿದರು. ಆರೂವರೆ ಮೀಟರಿನ ಪುಟ್ಟ ದೋಣಿಗಳಲ್ಲಿ ಅಟ್ಲಾಂಟಿಕನ್ನು ದಾಟುವ ಮಿನಿ ಟ್ರಾನ್ಸಾಟ್ ಪಂದ್ಯದವರು, ಸ್ಪರ್ಧಿಯು ಮೊದಲು ಅದೇ ದೋಣಿಯಲ್ಲಿ 1,000 ಮೈಲಿಗಳನ್ನು ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಸಾಗಿ ತೋರಿಸಬೇಕೆಂದು ವಿಧಿಸಿರುವುದು ಇಂಥ ವಿವೇಕದಿಂದಲೇ. ಅಲ್ಲಿ ಯಾರೂ ಎದೆಯ ಅಳತೆಯನ್ನು ಕೇಳುವುದಿಲ್ಲ.

ಆದುದರಿಂದ ನನ್ನ ವಿನಂತಿ ಇಷ್ಟು. ಪತ್ರಿಕೆಗಳವರು ಮುಂದೆ ಇಂಥ ನಾವಿಕನನ್ನು ಸಂದರ್ಶಿಸುವಾಗ, ಭಯವಾಗಲಿಲ್ಲವೆ ಎಂಬ ಸವಕಲು ಪ್ರಶ್ನೆಯನ್ನು ಬಿಟ್ಟು, ದೋಣಿಯನ್ನು ಎಷ್ಟು ತಿಂಗಳು ಅಣಿಮಾಡಿದಿರಿ, ನೀರನ್ನು ಎಷ್ಟು ಕಡೆ ಹಂಚಿದಿರಿ, ಹೊರಡುವ ದಿನವನ್ನು ಎಷ್ಟು ಸಲ ಮುಂದೂಡಿದಿರಿ ಎಂದು ಕೇಳಲಿ. ಹಣ ಕೊಡುವವರು ದಿನಾಂಕಕ್ಕೆ ಕೊಡದೆ ದೋಣಿಗೆ ಕೊಡಲಿ. ಒಬ್ಬಂಟಿಯಾಗಿ ಕಡಲನ್ನು ದಾಟುವ ಕನಸು ಕಾಣುವ ನಮ್ಮ ತರುಣ ತರುಣಿಯರು ಮೊದಲು ಒಂದು ದೋಣಿಯ ತಳವನ್ನು ತಮ್ಮ ಕೈಯಿಂದ ಕೆರೆದು, ಒಂದೊಂದು ಪಿನ್ನನ್ನೂ ತಮ್ಮ ಬೆರಳಿನಿಂದ ಮುಟ್ಟಿ ನೋಡಲಿ. ಅದರಲ್ಲಿ ಬೇಸರ ಬಂದರೆ ಕಡಲಿನ ಆಸೆಯನ್ನು ಬಿಡಲಿ. ಅಣಿಯಾಗದ ದೋಣಿಯಲ್ಲಿ ಹೊರಟವನನ್ನು ಧೀರನೆಂದು ಹೊಗಳುವುದು ಅವನ ಸಾವಿನಲ್ಲಿ ಪಾಲುಗಾರರಾದಂತೆ. ದಡದಲ್ಲಿಯೇ ನಿಂತು, ಈ ವರ್ಷ ಹೊರಡುವುದಿಲ್ಲ, ಕೆಲಸ ಮುಗಿದಿಲ್ಲ ಎಂದು ಹೇಳಬಲ್ಲವನನ್ನು ಗೌರವಿಸಲು ನಾವು ಕಲಿಯಬೇಕು.